ಆರಂಭದ ಸ್ಲೊವೇನಿಯನ್ ರಂಗಭೂಮಿಯ ನಟಿಯರು ಹವ್ಯಾಸಿಗಳಾಗಿಯೇ ಇದ್ದುದು ಏಕೆ?

ಅವರಿಗೆ ಸಂಬಳ ಕೊಡಬಲ್ಲ ಸ್ಲೊವೇನಿಯನ್ ನಾಟಕ ತಂಡವೇ ಇರಲಿಲ್ಲ ಎಂಬುದು ನೇರ ಉತ್ತರ. ಇಂದು ಸ್ಲೊವೇನಿಯಾದ ರಾಜಧಾನಿಯಾಗಿರುವ ಲ್ಯುಬ್ಲಿಯಾನಾ ಆಗ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಅರಸರ ಆಳ್ವಿಕೆಯಲ್ಲಿತ್ತು. ಅಲ್ಲಿಯ ರಂಗಮಂದಿರದಲ್ಲಿ ವೃತ್ತಿಪರರು ಆಡುತ್ತಿದ್ದುದು ಮುಖ್ಯವಾಗಿ ಜರ್ಮನ್ ನಾಟಕಗಳನ್ನು. 1789ರ ಡಿಸೆಂಬರ್ 28ರಂದು ನಾಟಕಕಾರ ಲಿನ್‌ಹಾರ್ಟ್ ಸ್ಲೊವೇನಿಯನ್ ಭಾಷೆಗೆ ರೂಪಾಂತರಿಸಿದ ‘ಝುಪಾನೊವಾ ಮಿತ್ಸ್ಕಾ’ ನಾಟಕ ಮೊದಲ ಬಾರಿಗೆ ರಂಗವೇರಿದಾಗ, ತನ್ನನ್ನು ವಂಚಿಸಲು ಬಂದ ಶ್ರೀಮಂತನ ಬಣ್ಣ ಬಯಲು ಮಾಡುವ ಹಳ್ಳಿಯ ಹುಡುಗಿಯ ಪಾತ್ರವೂ ಹವ್ಯಾಸಿ ಮಹಿಳೆಯ ಪಾಲಿಗೇ ಬಂದಿತು.

1861ರಿಂದ ಊರೂರುಗಳಲ್ಲಿ ಹುಟ್ಟಿಕೊಂಡ ‘ಚಿತಾಲ್ನಿತ್ಸಾ’ಗಳು, ಅಂದರೆ ವಾಚನ ಸಂಘಗಳು, ಈ ನಟಿಯರಿಗೆ ನಿಜವಾದ ನೆಲೆ ಕೊಟ್ಟವು. ಹಾಡು, ಕವಿತಾ ವಾಚನ, ಕಿರು ನಾಟಕಗಳೆಲ್ಲ ಒಂದೇ ಸಂಜೆ ಕೂಡಿ ಬರುತ್ತಿದ್ದ ಅಲ್ಲಿಯ ವೇದಿಕೆಯಲ್ಲಿ ಅಭಿನಯವು ಹೊಟ್ಟೆಪಾಡಿನ ಕಸುಬಾಗಿರದೆ ತಾಯ್ನುಡಿಯ ಸೇವೆಯೆನಿಸಿಕೊಂಡಿದ್ದರಿಂದ, ನಟಿಯೆಂದರೆ ಹುಬ್ಬೇರಿಸುತ್ತಿದ್ದ ಆ ಕಾಲದಲ್ಲೂ ಮರ್ಯಾದಸ್ಥ ಮನೆಯ ಹೆಣ್ಣುಮಗಳು ರಂಗಕ್ಕೆ ಬರುವುದು ಸಾಧ್ಯವಾಯಿತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇದೇ.

ಆದರೆ ಉತ್ಸಾಹವೊಂದೇ ಸಾಲದು, ಕಲಿಕೆಯೂ ಬೇಕಿತ್ತು. 1867ರಲ್ಲಿ ಸ್ಥಾಪನೆಯಾದ ನಾಟಕ ಸಂಘವು ನಾಟಕಗಳನ್ನು ಅನುವಾದಿಸಿ ಅಚ್ಚು ಹಾಕಿಸಿತು, ಅಭಿನಯ ಕಲಿಸಿತು. ಮರುವರ್ಷವೇ ಹವ್ಯಾಸಿಗಳಿಗೆಂದು ಒಂದು ಕೈಪಿಡಿಯೂ ಹೊರಬಂದಿತು. 1892ರಲ್ಲಿ ಹೊಸ ಪ್ರಾಂತೀಯ ರಂಗಮಂದಿರ ತೆರೆದ ಮೇಲೂ ಸ್ಲೊವೇನಿಯನ್ ತಂಡವು ಅದನ್ನು ಜರ್ಮನ್ ತಂಡದೊಂದಿಗೆ ಹಂಚಿಕೊಳ್ಳಬೇಕಾಯಿತು. ಆ ಪೀಳಿಗೆಯ ಪ್ರಮುಖ ನಟಿ ಝೋಫಿಯಾ ಬೊರ್ಷ್ಟ್ನಿಕ್ 1894ರಲ್ಲಿ ಪತಿ ಇಗ್ನಾತ್ಸಿಯೊಂದಿಗೆ ಕ್ರೊಯೇಷಿಯಾದ ಝಾಗ್ರೆಬ್‌ನ ರಂಗಭೂಮಿಗೆ ಹೊರಟುಹೋದರು.