ಗೇಟಿನ ಹೊರಗಿದ್ದ ಮಂಜುಗಡ್ಡೆ

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆದಿದ್ದೇನೆ.

ಆಕೆಗೆ 24 ವರ್ಷ. ಡೊಂಬಿವಲಿಯ ಕನ್ನಡ ಮನೆತನದವಳು, ಮುಂಬಯಿಯ ಬೋಧನಾ ಆಸ್ಪತ್ರೆಯೊಂದರಲ್ಲಿ ಇಂಟರ್ನ್. ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಕರೆತಂದವರು ಆಕೆಯ ತಾಯಿ. "ಊಟಕ್ಕೆ ಕೂತರೂ ಕೈಯಲ್ಲಿ ಮೊಬೈಲು ಮೇಡಂ, ಅದರಲ್ಲಿ ಬರೀ ಇವತ್ತಿನ ಬಿಸಿಲು ಎಷ್ಟು ಅಂತ. ರಾತ್ರಿ ಎರಡು ಗಂಟೆಗೆ ಎದ್ದು ಅಜ್ಜಿಯ ಹಣೆ ಮುಟ್ಟಿ ನೋಡ್ತಾಳೆ" ಎಂದರು. ಹವಾಮಾನ ಬದಲಾವಣೆಯ ಸುದ್ದಿಗಳಿಂದ ಕಂಗೆಟ್ಟ ಯುವಜನರನ್ನು ನಾನು ಈಚೆಗೆ ಆಗಾಗ ನೋಡುತ್ತಿರುವುದರಿಂದ, ಇದೂ ಅದೇ ಬಗೆಯ ಆತಂಕವೆಂದು ತಿಳಿದು, ಒಂದು ವಾರ ಹವಾಮಾನದ ಆ್ಯಪ್ ತೆರೆಯಬೇಡಿ ಎಂದು ಹೇಳಿ ಕಳುಹಿಸಿದೆ. ಅದು ನನ್ನ ತಪ್ಪು. ಮುಂದಿನ ವಾರ ಆಕೆ ಇನ್ನಷ್ಟು ಸೊರಗಿ ಬಂದಳು.

ಎರಡನೆಯ ಭೇಟಿಯಲ್ಲಿ ಹೊರಬಿದ್ದ ಸಂಗತಿ ಬೇರೆಯೇ ಆಗಿತ್ತು. ಮಾರ್ಚ್ ಕೊನೆಯ ಒಂದು ಮಧ್ಯಾಹ್ನ, ಕಟ್ಟಡದ ಸ್ಲ್ಯಾಬ್ ಹಾಕುತ್ತಿದ್ದ ಕಾರ್ಮಿಕನೊಬ್ಬನನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಕರೆತಂದಿದ್ದರು. ಮೈ ಕೆಂಡದಂತಿತ್ತು, ಆದರೆ ಬೆವರಿನಿಂದ ಒದ್ದೆಯಾಗಿತ್ತು. ಶಾಖಾಘಾತ (ಹೀಟ್ ಸ್ಟ್ರೋಕ್) ಆದವರ ಚರ್ಮ ಒಣಗಿರುತ್ತದೆ ಎಂಬ ಪಾಠದ ಸಾಲು ಆಕೆಯ ನೆನಪಿನಲ್ಲಿತ್ತು; ಬಿಸಿಲಿನಲ್ಲಿ ದುಡಿಯುತ್ತಲೇ ಕುಸಿದವರು ಬೆವರುತ್ತಲೂ ಇರಬಹುದು ಎಂಬುದು ಹೊಳೆಯಲಿಲ್ಲ. ಜ್ವರ, ಪ್ರಜ್ಞೆಯಿಲ್ಲ, ಹಾಗಾದರೆ ಮಿದುಳಿಗೇರಿದ ಮಲೇರಿಯಾ ಇರಬಹುದೆಂದು ಹಿರಿಯ ರೆಸಿಡೆಂಟ್ ರಕ್ತ ಕಳಿಸಿದರು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರು, ಪ್ಯಾರಾಸಿಟಮಾಲ್ ಕೊಟ್ಟರು, ಒದ್ದೆ ಬಟ್ಟೆ ಹಾಕಿ ಫ್ಯಾನ್ ತಿರುಗಿಸಿದರು. ವರದಿ ಬರುವಷ್ಟರಲ್ಲಿ ಎರಡು ಗಂಟೆ ಕಳೆದಿತ್ತು. ಮರುದಿನ ಆತ ತೀರಿಕೊಂಡ.

"ಡ್ಯೂಟಿ ಮುಗಿಸಿ ಹೊರಗೆ ಬಂದಾಗ ಗೇಟಿನ ಪಕ್ಕದ ಕಬ್ಬಿನ ಹಾಲಿನ ಗಾಡಿಯಲ್ಲಿ ಗೋಣಿಚೀಲ ಹೊದಿಸಿದ ದೊಡ್ಡ ಐಸಿನ ದಿಮ್ಮಿ ಇತ್ತು ಮೇಡಂ. ಐವತ್ತು ಹೆಜ್ಜೆ ದೂರ ಅಷ್ಟೆ" ಎಂದು ಹೇಳಿ ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಮನೆಗೆ ಹೋಗಿ ಪುಸ್ತಕ ತೆರೆದಾಗ ಉತ್ತರ ಅಲ್ಲೇ ಇತ್ತಂತೆ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಪ್ರಜ್ಞೆ ಏರುಪೇರಾದರೆ ಶಾಖಾಘಾತವನ್ನು ಮೊದಲು ಶಂಕಿಸಬೇಕು. ಕಂಕುಳಿನ ಅಳತೆಯನ್ನು ನಂಬದೆ ಗುದದ್ವಾರದಲ್ಲಿ ಅಳೆಯಬೇಕು. ಸಾಧ್ಯವಾದಷ್ಟು ಅರ್ಧ ಗಂಟೆಯೊಳಗೆ ಮೈ ತಣಿಸಬೇಕು. ಸೋಂಕಿನ ಜ್ವರದಂತೆ ಇಲ್ಲಿ ಮಿದುಳು ತಾನಾಗಿ ಉಷ್ಣತೆಯ ಮಟ್ಟವನ್ನು ಏರಿಸಿರುವುದಿಲ್ಲವಾದ್ದರಿಂದ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಮುಂಬಯಿಯ ತೇವದ ಗಾಳಿಯಲ್ಲಿ ಬೆವರಾಗಲಿ, ಒದ್ದೆ ಬಟ್ಟೆಯಾಗಲಿ ಬೇಗ ಆರುವುದಿಲ್ಲ. ಆದ್ದರಿಂದಲೇ ತಣ್ಣೀರು, ಮಂಜುಗಡ್ಡೆ ಬೇಕು. "ಓದಿದ್ದೆ. ಆದರೆ ಅದು ಒಳನಾಡಿನ ವಿದರ್ಭದ ಕಾಯಿಲೆ ಅಂದುಕೊಂಡಿದ್ದೆ" ಎಂದಳು. ಕರಾವಳಿಯಲ್ಲಿ 37 ಡಿಗ್ರಿಯಿಂದಲೇ ಬಿಸಿಗಾಳಿಯ ಲೆಕ್ಕ ಶುರುವಾಗುತ್ತದೆ ಎಂಬುದು ನನಗೂ ಆಕೆಯಿಂದಲೇ ಗೊತ್ತಾದದ್ದು.

ನನಗೆ ಅಲ್ಲಿ ಒಂದು ವಿಷಯ ತಟ್ಟಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಬೆನ್ನಿಗೇ ಕೊಳೆನೀರಿನಿಂದ ತಗಲುವ ಇಲಿಜ್ವರ (ಲೆಪ್ಟೊಸ್ಪೈರೋಸಿಸ್) ಹಬ್ಬಿದ್ದನ್ನು ಈ ಊರು ಮರೆತಿಲ್ಲ. ಮಳೆಗಾಲದಲ್ಲಿ ಜ್ವರವೆಂದು ಬಂದವರನ್ನು "ನಿಂತ ನೀರಿನಲ್ಲಿ ನಡೆದಿದ್ದಿರಾ?" ಎಂದು ಇಲ್ಲಿನ ವೈದ್ಯರು ಕೇಳುತ್ತಾರೆ, ಆ ಪ್ರಶ್ನೆ ಆಕೆಗೂ ಬಾಯಿಪಾಠವಾಗಿತ್ತು. "ಎಲ್ಲಿ, ಎಷ್ಟು ಹೊತ್ತು ಬಿಸಿಲಿನಲ್ಲಿದ್ದಿರಿ?" ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಆಕೆಯ ನಾಲಗೆಗೆ ಹತ್ತಿಸಿರಲಿಲ್ಲ. 2023ರ ಏಪ್ರಿಲ್‌ನಲ್ಲಿ ಪಕ್ಕದ ಖಾರಘರ್‌ನ ಬಯಲು ಸಮಾರಂಭದಲ್ಲಿ ಬಿಸಿಲಿನ ಹೊಡೆತಕ್ಕೆ ಹಲವರು ಸತ್ತ ಮೇಲೂ ಅದು ವಾರ್ಡಿನ ರೂಢಿಗೆ ಬಂದಿರಲಿಲ್ಲ.

ಆದ್ದರಿಂದ ನಾನು ಕೊಟ್ಟ ಸಲಹೆ ಸಮಾಧಾನದ್ದಾಗಿರಲಿಲ್ಲ. "ನಿನ್ನ ತಪ್ಪೇನೂ ಇಲ್ಲ" ಎಂದರೆ ಆಕೆ ನಂಬುತ್ತಿರಲಿಲ್ಲ, ಅದು ಪೂರ್ತಿ ನಿಜವೂ ಆಗಿರಲಿಲ್ಲ. ಹಾಳೆಯನ್ನು ಎರಡಾಗಿ ಮಡಿಸಿ, ಒಂದು ಕಡೆ ತನ್ನ ಕೈಯಲ್ಲಿದ್ದದ್ದನ್ನು, ಇನ್ನೊಂದು ಕಡೆ ತನ್ನ ಕೈಯಲ್ಲಿಲ್ಲದ್ದನ್ನು ಬರೆಯಲು ಹೇಳಿದೆ. ಎಡಗಡೆ ಬಂದದ್ದು ಒಂದೇ ಸಾಲು: 'ಕೆಲಸ ಏನೆಂದು ಕೇಳಲಿಲ್ಲ.' ಬಲಗಡೆ ಹಾಳೆ ಸಾಲಲಿಲ್ಲ. ಆ ಒಂದು ಸಾಲನ್ನು ಒಪ್ಪಿಕೊಂಡು ತಿದ್ದಿಕೊಳ್ಳಿ, ಉಳಿದುದನ್ನು ಸಂಬಂಧಪಟ್ಟವರಿಗೆ ತಲುಪಿಸಿ ಎಂದೆ. ಇಂಟರ್ನ್ ಮಾತು ಯಾರು ಕೇಳುತ್ತಾರೆ ಎಂಬ ಅಳುಕು ಸಹಜವಾಗಿತ್ತು. ಹಾಗಾಗಿ ಮೊದಲು ಮೆಡಿಸಿನ್ ಯೂನಿಟ್ಟಿನವರ ಬಳಿ ಹೋಗದೆ, ಸಮುದಾಯ ವೈದ್ಯಕೀಯ ವಿಭಾಗದ ಅಧ್ಯಾಪಕರೊಬ್ಬರನ್ನು ಕಾಣಲು, 2019ರಲ್ಲಿ ಆರಂಭವಾದ ಹವಾಮಾನ ಬದಲಾವಣೆ ಮತ್ತು ಮಾನವ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಆಧಾರದ ಮೇಲೆ ಈ ಪ್ರಕರಣವನ್ನು, ಯಾರನ್ನೂ ದೂರದೆ, ಇಂಟರ್ನ್‌ಗಳ ಮುಂದೆ ಮಂಡಿಸಲು ಅವಕಾಶ ಕೇಳಲು ಸೂಚಿಸಿದೆ.

ಆ್ಯಪ್ ಬಿಡಿ ಎಂದಿದ್ದ ಮಾತನ್ನು ಹಿಂತೆಗೆದುಕೊಂಡೆ. ಡ್ಯೂಟಿಗೆ ಹೊರಡುವ ಮುನ್ನ ಒಮ್ಮೆ, ಉಷ್ಣತೆಯ ಜೊತೆಗೆ ತೇವಾಂಶವನ್ನೂ ನೋಡಿ. ಅದು ವೈದ್ಯರ ಕೆಲಸದ ಭಾಗ. ಹತ್ತು ಸಲ ನೋಡುವುದು ಭಯದ ಭಾಗ. ಜೀವ ಬೇಡವೆನಿಸಿದೆಯೇ ಎಂದು ನೇರವಾಗಿ ಕೇಳಿದೆ, ಇಲ್ಲವೆಂದಳು. ಹಾಗೆ ಅನ್ನಿಸಿದರೆ ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದೂ, ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ಹೇಳಿದೆ. "ಮರೆತುಬಿಡು" ಎನ್ನುವುದನ್ನು ನಿಲ್ಲಿಸಿ ಎಂದು ತಾಯಿಗೆ ಹೇಳಬೇಕಾಯಿತು. ಅವರಿಗೆ ಅದೇ ಕಷ್ಟವಾದದ್ದು.

ಐದನೆಯ ಭೇಟಿಗೆ ಬಂದಾಗ ನಿದ್ದೆ ಮರಳಿತ್ತು. ಪ್ರಕರಣ ಮಂಡಿಸಿಯೂ ಆಗಿತ್ತು. ಬಂದವರು ಹನ್ನೊಂದೇ ಜನ ಎಂದು ಸ್ವಲ್ಪ ಬೇಸರವಿತ್ತು. ಒಳಗೆ ಅಳೆಯುವ ಥರ್ಮಾಮೀಟರಿಗೆ ಬೇಡಿಕೆ ಹೋಗಿದೆ, ಇನ್ನೂ ಬಂದಿಲ್ಲ. ಕಬ್ಬಿನ ಹಾಲಿನವನ ಫೋನ್ ನಂಬರ್ ಮಾತ್ರ ವಾರ್ಡಿನ ಸಿಸ್ಟರ್ ಮೇಜಿನ ಗಾಜಿನ ಅಡಿಗೆ ಸೇರಿದೆ.