ಮುತ್ತಜ್ಜಿ ಒಬ್ಬಳೇ ಹಡೆದಳೇ?

ಗೋಕಾಕದ ಓದುಗರೊಬ್ಬರು ಬರೆಯುತ್ತಾರೆ: “ನಮ್ಮ ಮುತ್ತಜ್ಜಿ ಏಳು ಮಕ್ಕಳನ್ನು ಮನೆಯ ಕತ್ತಲೆ ಖೋಲಿಯಲ್ಲೇ ಹಡೆದಳು. ವೈದ್ಯರೂ ಇರಲಿಲ್ಲ, ದಾದಿಯೂ ಇರಲಿಲ್ಲ. ನನ್ನ ಅಕ್ಕನಿಗೆ ಆಸ್ಪತ್ರೆಯಲ್ಲಿ ಕಾರಣ ಹೇಳದೆಯೇ ಹೊಟ್ಟೆ ಕೊಯ್ದರು. ನನಗೀಗ ಏಳು ತಿಂಗಳು. ಯಾರ ನೆರವೂ ಇಲ್ಲದೆ ಸಹಜವಾಗಿ ಹಡೆಯುವ ಬಗ್ಗೆ ಲೇಖನ ಕಳಿಸಿದರೆ ಪ್ರಕಟಿಸುವಿರಾ?”

ಅಕ್ಕನ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸೇರಿಯನ್. ಅವೆಲ್ಲವೂ ಅನಿವಾರ್ಯವಾಗಿದ್ದವೆಂದು ನಾನೂ ನಂಬಲಾರೆ. ಆದರೆ ‘ಸೂಲಗಿತ್ತಿಯೂ ಇರಲಿಲ್ಲ’ ಎಂದು ನೀವು ಬರೆದಿಲ್ಲ. ಮನೆಯ ಹಿರಿಯರನ್ನು ಕೇಳಿ ನೋಡಿ. ಸೊಂಟ ಹಿಡಿಯಲು ಒಬ್ಬಳು, ನೀರು ಕಾಸಲು ಒಬ್ಬಳು, ಹೊಕ್ಕುಳಬಳ್ಳಿ ಕೊಯ್ಯಲು ಇಡೀ ಊರಿಗೆ ಗೊತ್ತಿದ್ದ ಮುದುಕಿಯೊಬ್ಬಳು ಇದ್ದೇ ಇರುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದದ್ದು ಇಂಥ ನೆರವಿಗಾಗಿಯೇ ಅಲ್ಲವೇ? ‘ಸಹಜ ಹೆರಿಗೆ’ಯ ಮಾತನ್ನು 1933ರಲ್ಲಿ ಚಲಾವಣೆಗೆ ತಂದ ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಕೂಡ, ಭಯದಿಂದ ಮೈ ಬಿಗಿದು ನೋವು ಹೆಚ್ಚುತ್ತದೆಂದು ವಾದಿಸಿದವರು, ನೋವು ತಿನ್ನುವವಳನ್ನು ಒಂಟಿಯಾಗಿ ಬಿಡುವುದನ್ನು ಅಪರಾಧವೆಂದೇ ಕರೆದರು. ಒಂಟಿಯಾಗಿ ಹಡೆಯುವುದನ್ನು ಅಜ್ಜಿಯರ ಪದ್ಧತಿ ಎನ್ನುವುದು ತೀರ ಇತ್ತೀಚಿನ ಕಲ್ಪನೆ.

ಮುಧೋಳ ಸೀಮೆಯ ನಮ್ಮ ಹಳ್ಳಿಯ ಮನೆಯಲ್ಲಿ ನನ್ನ ದೊಡ್ಡಮ್ಮ ಹಡೆದ ರಾತ್ರಿಯ ಕಥೆಯನ್ನು ಆಯಿ ಹೇಳುತ್ತಿದ್ದಳು. ಕೂಸು ಚೆನ್ನಾಗಿ ಅತ್ತಿತು, ಎಲ್ಲರೂ ಹಿಗ್ಗಿದರು. ನೆತ್ತರು ನಿಲ್ಲಲಿಲ್ಲ. ‘ಕೆಟ್ಟ ರಕ್ತ ಹೋಗಲಿ ಬಿಡ್ರಿ’ ಎನ್ನುತ್ತ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿದರು. ಬೆಳಗಾಗುವ ಮೊದಲೇ ದೊಡ್ಡಮ್ಮ ಹೋದಳು. ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಂಡರೆ ಮಾತ್ರ ಅಲ್ಲಿನ ರಕ್ತನಾಳಗಳು ಮುಚ್ಚುತ್ತವೆ. ಅದು ಸಡಿಲವಾಗಿಯೇ ಉಳಿದರೆ ಗಟ್ಟಿಮುಟ್ಟಾದ ಹೆಂಗಸಿನ ಜೀವವೂ ಕೆಲವೇ ತಾಸುಗಳಲ್ಲಿ ಹೋಗಬಹುದು. ಇದು ಯಾರಿಗೆ ಆಗುತ್ತದೆಂದು ಮೊದಲೇ ಹೇಳಲು ಬರುವುದಿಲ್ಲ. ಸೀರೆ ಹೀರಿಕೊಂಡ ರಕ್ತ ಎಷ್ಟೆಂಬುದೂ ಕಣ್ಣಿಗೆ ತಿಳಿಯುವುದಿಲ್ಲ.

ಈ ಕಣ್ಣಂದಾಜಿನ ಮೋಸಕ್ಕೆ ಮದ್ದು ಹುಡುಕಿದವರು ನಮ್ಮವರೇ. ಬೆಳಗಾವಿಯ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು, ಅಮೆರಿಕದ ಸಂಶೋಧಕರ ಜೊತೆಗೂಡಿ, ಜಿಲ್ಲೆಯ ಹಳ್ಳಿಗಳ 1,620 ಹೆಂಗಸರಲ್ಲಿ ನಡೆಸಿದ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಹೆರಿಗೆ ಮಾಡಿಸಿದವರು ಹಳ್ಳಿಯ ಸಹಾಯಕ ದಾದಿಯರು. ಕೂಸು ಹುಟ್ಟಿದೊಡನೆ, ಗರ್ಭಕೋಶ ಬಿಗಿಯುವಂತೆ ಮಾಡುವ ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದಾಗ ಅತಿಯಾದ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ರಕ್ತ ಅಳೆಯಲೆಂದು ಬಾಣಂತಿಯ ಕೆಳಗೆ ಹಾಸಿದ್ದು ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಹಾಳೆ. ಅಂಥ ಹಾಳೆಯಿಂದ ಬೇಗ ಗುರುತಿಸಿ ತಕ್ಷಣ ಚಿಕಿತ್ಸೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ. 60ರಷ್ಟು ತಗ್ಗಿದ್ದನ್ನು 2023ರಲ್ಲಿ ಆಫ್ರಿಕದ ನಾಲ್ಕು ದೇಶಗಳ ಅಧ್ಯಯನ ತೋರಿಸಿತು. ನಿಮ್ಮೂರ ಕರದಂಟು ನಾಡಿಗೆಲ್ಲ ಗೊತ್ತು; ಈ ಹಾಳೆಯ ಸುದ್ದಿ ಬೆಳಗಾವಿಯವರಿಗೇ ಗೊತ್ತಿಲ್ಲ. ನಮ್ಮ ಪತ್ರಿಕೆಗಳು, ನನ್ನದೂ ಸೇರಿ, ಕುಬಸದ ಸೀರೆಗೆ ಕೊಟ್ಟಷ್ಟು ಜಾಗವನ್ನು ಇದಕ್ಕೆ ಕೊಡಲಿಲ್ಲ.

ಇನ್ನೂ ಒಂದು ಸಂಕಟವಿದೆ. ನನ್ನ ಮಗಳ ಹೆರಿಗೆಯಲ್ಲಿ ನನ್ನ ಹೆಂಡತಿಯನ್ನು ಬಾಗಿಲ ಹೊರಗೆ ಕೂರಿಸಿ, ಒಳಗೆ ಅತ್ತವಳನ್ನು ಗದರಿಸಿದರು. ಹಡೆಯುವವಳು ಬಯಸಿದ ಸಂಗಾತಿ ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿಯೇ ಹೇಳುತ್ತದೆ. ಸೂಲಗಿತ್ತಿ ಕೈ ಹಿಡಿದು ಕೂರುತ್ತಿದ್ದಳು. ನಾವು ಅವಳ ಅಜ್ಞಾನವನ್ನು ಬಿಟ್ಟೆವು, ಜೊತೆಗೆ ಆ ಕೈಯನ್ನೂ ಬಿಟ್ಟೆವು. ನಿಮ್ಮಂಥವರು ಆಸ್ಪತ್ರೆಗೆ ಬೆನ್ನು ಹಾಕಲು ಇದೇ ಕಾರಣವಿರಬೇಕು.

ನೀವು ಹೇಳಿದ ಲೇಖನವನ್ನು ಪ್ರಕಟಿಸಲಾರೆ. ಅಕ್ಕನಿಗೆ ಆದದ್ದನ್ನು ಬರೆದು ಕಳಿಸಿ, ಎರಡು ಪುಟ ಬಿಟ್ಟಿರುತ್ತೇನೆ. ನಿಮಗೆ ಇನ್ನೂ ಎರಡು ತಿಂಗಳಿವೆ: ಹೆರಿಗೆಯ ಖೋಲಿಯೊಳಗೆ ನಿಮ್ಮ ಅವ್ವನನ್ನು ಬಿಡುತ್ತಾರೆಯೇ ಎಂದು ನಿಮ್ಮ ಆಸ್ಪತ್ರೆಯಲ್ಲಿ ಈಗಲೇ ಕೇಳಿ, ಇಲ್ಲವೆಂದರೆ ಬಿಡುವ ಇನ್ನೊಂದನ್ನು ಹುಡುಕಿ.