ಮುಚ್ಚಿಡೋಕೆ ಏನೂ ಇಲ್ಲ ಸರಿ, ರಿಮೋಟ್ ಯಾರ ಕೈಯಲ್ಲಿದೆ?

"ನನ್ನ ಫೋನಿನಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ, ಕಂಪನಿಯವರು ನೋಡಿಕೊಂಡರೆ ನನಗೇನು ನಷ್ಟ? ಪ್ರೈವಸಿ ಅಂತ ಇಷ್ಟೊಂದು ಗಲಾಟೆ ಯಾಕೆ?" ಅಂತ ಕೇಳಿದ್ದೀರಿ.

ಮಂಡ್ಯದಲ್ಲಿ ನನ್ನದೊಂದು ಮೊಬೈಲ್, ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಈ ಮಾತನ್ನು ವಾರಕ್ಕೆ ಒಂದೆರಡು ಸಲವಾದರೂ ಗಿರಾಕಿಗಳ ಬಾಯಲ್ಲಿ ಕೇಳುತ್ತೇನೆ. ಮೊದಲೆಲ್ಲ ವಾದ ಮಾಡುತ್ತಿದ್ದೆ. ಈಗ ನಮ್ಮಮ್ಮನ ಟಿವಿ ಕಥೆ ಹೇಳುತ್ತೇನೆ.

ಅಮ್ಮನಿಗೆ ಓದೋಕೆ ಬರುವುದಿಲ್ಲ, ಆದರೆ ಲೆಕ್ಕದಲ್ಲಿ ಗಟ್ಟಿ. ಸ್ಮಾರ್ಟ್ ಟಿವಿ ತಂದ ಒಂದೇ ವಾರಕ್ಕೆ ಅದರ ಜಾಡು ಹಿಡಿದುಬಿಟ್ಟರು. ಕೆಳಗೆ ಮೂರು ಸಲ, ಬಲಕ್ಕೆ ಎರಡು ಸಲ, ನಡುವಿನ ಗುಂಡಿ ಒಂದು ಸಲ ಒತ್ತಿದರೆ ಸೆಟ್‌ಟಾಪ್ ಬಾಕ್ಸ್, ಆಮೇಲೆ ಚಂದನ. ಒಂದು ರಾತ್ರಿ ಟಿವಿ ತನ್ನ ಪಾಡಿಗೆ ತಾನು ಅಪ್‌ಡೇಟ್ ಆಯಿತು. ಬೆಳಿಗ್ಗೆ ಅದೇ ಮೂರು, ಅದೇ ಎರಡು ಒತ್ತಿದರೆ ಯಾವುದೋ ಹಿಂದಿ ಸಿನಿಮಾದ ಜಾಹೀರಾತು ತೆರೆದುಕೊಂಡಿತು. "ಏನೋ ಒತ್ಬುಟ್ಟೆ ಕಣ್ಲಾ, ಟೀವಿ ಕೆಟ್ಟೋಯ್ತು" ಅಂತ ಅಂಗಡಿಗೆ ಫೋನ್ ಮಾಡಿದರು. ದನಿಯಲ್ಲಿ ತಪ್ಪು ಮಾಡಿದವರ ಅಳುಕು. ನನಗೆ ಸಿಟ್ಟು ಬಂದಿದ್ದೇ ಅಲ್ಲಿ. ದುಡ್ಡು ನಮ್ಮದು, ಗೋಡೆ ನಮ್ಮದು, ಕರೆಂಟ್ ಬಿಲ್ಲು ನಮ್ಮದು, ಆದರೆ ಆ ಪರದೆಯನ್ನು ಜಾಹೀರಾತಿನವರಿಗೆ ಬಾಡಿಗೆಗೆ ಕೊಟ್ಟು ಬಾಡಿಗೆ ಎಣಿಸಿಕೊಳ್ಳೋರು ಬೇರೆ ಯಾರೋ.

ಸಂಜೆ ಹೋಗಿ ಸೆಟ್ಟಿಂಗ್ಸ್ ಕೆದಕಿದೆ. ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು. ಕೊನೆಗೆ ಸಿಕ್ಕಿತು, ಎಸಿಆರ್ (ಆಟೋಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್) ಅನ್ನೋದು, ಆನ್ ಆಗೇ ಇತ್ತು. ಇದರ ಕೆಲಸ ಏನೆಂದರೆ, ಪರದೆ ಮೇಲೆ ಬರುವ ಚಿತ್ರ, ಸದ್ದಿನ ಸಣ್ಣ ಸಣ್ಣ ಗುರುತು ಹಿಡಿದು ಸರ್ವರಿಗೆ ಕಳಿಸೋದು. ಅಲ್ಲಿ ಅದನ್ನು ಹೋಲಿಸಿ ನೋಡಿ, ಈ ಮನೆಯವರು ಈಗ ಇಂಥ ಕಾರ್ಯಕ್ರಮ ನೋಡುತ್ತಿದ್ದಾರೆ ಅಂತ ಬರೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ವಿಜಿಯೊ ಅನ್ನೋ ಕಂಪನಿ 1.1 ಕೋಟಿ ಟಿವಿಗಳಿಂದ ಜನರನ್ನು ಕೇಳದೆ ಹೀಗೆ ಮಾಹಿತಿ ತೆಗೆದು ಸಿಕ್ಕಿಬಿದ್ದಿತ್ತು. 2017ರಲ್ಲಿ 22 ಲಕ್ಷ ಡಾಲರ್ ಕಟ್ಟಿ ಕೇಸು ಮುಗಿಸಿಕೊಂಡಿತು. ಭಾಗಿಸಿ ನೋಡಿ, ಒಂದು ಟಿವಿಗೆ 20 ಸೆಂಟ್.

ಅಮ್ಮ ಚಂದನ ನೋಡೋದೇನು ಗುಟ್ಟಲ್ಲ. ಅವರಿಡೋ ಸೌಂಡಿಗೆ ಇಡೀ ಬೀದಿಗೇ ಗೊತ್ತು. ಹಾಗಾಗಿ ಮುಚ್ಚಿಡೋಕೆ ಏನೂ ಇಲ್ಲ ಅನ್ನೋ ನಿಮ್ಮ ಮಾತು ನಮ್ಮನೆಗೂ ಸರಿಯೇ. ಆದರೂ ನಮ್ಮ ಟಿವಿ ಮೇಲಿನ ಹಿಡಿತ ಕಳೆದುಕೊಂಡದ್ದು ನಾವೇ ಅಲ್ವಾ?

ನಮ್ಮ ಕಡೆ ಕಬ್ಬು ಬೆಳೆಯೋರಲ್ಲಿ ಕೆಲವರು ಲೋಡು ಫ್ಯಾಕ್ಟರಿ ಗೇಟಿಗೆ ಹೋಗುವ ಮುಂಚೆ ಹೊರಗಿನ ವೇಬ್ರಿಡ್ಜಿನಲ್ಲಿ ಒಂದ್ಸಲ ತೂಕ ಹಾಕಿಸಿ ಚೀಟಿ ಜೇಬಿಗಿಟ್ಟುಕೊಳ್ಳುತ್ತಾರೆ. ಅವರೇನು ಕಬ್ಬು ಬಚ್ಚಿಡುತ್ತಿದ್ದಾರಾ? ಟ್ರ್ಯಾಕ್ಟರ್ ತುಂಬಾ ಹೇರಿಕೊಂಡು ಊರ ಮುಂದೆಯೇ ಹೋಗುತ್ತಾರೆ. ತೂಗೋನೂ ಅವನೇ, ದುಡ್ಡು ಕೊಡೋನೂ ಅವನೇ ಆದಾಗ ಕೈಯಲ್ಲಿ ಇನ್ನೊಂದು ಚೀಟಿ ಇರಲಿ ಅಂತ, ಅಷ್ಟೇ. ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದಾದ ಸಾಫ್ಟ್‌ವೇರನ್ನು ನಾನು ಜಾಸ್ತಿ ನಂಬೋದು ಇದಕ್ಕೇ. ನನಗೆ ಕೋಡ್ ಓದೋಕೆ ಬರಲ್ಲ. ರೈತನಿಗೂ ವೇಬ್ರಿಡ್ಜ್ ಬಿಚ್ಚೋಕೆ ಬರಲ್ಲ. ಆದರೆ ಕಂಪನಿಯ ಹಂಗಿಲ್ಲದ ಯಾರೋ ಬಿಚ್ಚಿ ನೋಡಬಹುದು.

ಸರ್ಕಾರಕ್ಕೂ ಇದೇ ಮಾತು. 2025ರ ನವೆಂಬರ್ ಕೊನೆಯಲ್ಲಿ, ಹೊಸ ಫೋನುಗಳಲ್ಲೆಲ್ಲ ಸಂಚಾರ್ ಸಾಥಿ ಆಪ್ ಮೊದಲೇ ಇರಬೇಕು ಅಂತ ಕೇಂದ್ರದಿಂದ ಕಂಪನಿಗಳಿಗೆ ಆದೇಶ ಹೋಯಿತು. ಗಲಾಟೆಯಾಯಿತು, ಡಿಸೆಂಬರ್ 3ಕ್ಕೆ ಕಡ್ಡಾಯ ಕೈಬಿಟ್ಟರು. ಆಪ್ ಒಳ್ಳೆಯದೇ. ಫೋನ್ ಕಳೆದುಕೊಂಡು ಬಂದವರಿಗೆ ಐಎಂಇಐ (ಫೋನಿನ ಗುರುತಿನ ನಂಬರ್) ಬ್ಲಾಕ್ ಮಾಡಿಸಿ ಅಂತ ನಾನೇ ಅದನ್ನು ತೋರಿಸುತ್ತೇನೆ. ಹಾಕಿಕೊಳ್ಳೋದು, ತೆಗೆಯೋದು ಮಾತ್ರ ಫೋನಿನವನ ಇಷ್ಟ. ಅಂದಹಾಗೆ, ಪ್ರೈವಸಿ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. 80 ದಾಟಿದ ಮೇಲೆ ಕೋರ್ಟ್ ಮೆಟ್ಟಿಲು ಹತ್ತಿದ ಆ ಹಿರಿಯರಿಗೆ ಮುಚ್ಚಿಡೋಕೆ ಏನಿತ್ತು ಅಂತೀರಿ?

ಲ್ಯಾಪ್‌ಟಾಪ್ ಕಥೆ ಬೇರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ಮುಗಿಯಿತು. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್‌ನವರ ಪಟ್ಟಿಯಲ್ಲಿರಬೇಕು. ಕಲ್ಲಿನಂಥ ಹಳೇ ಲ್ಯಾಪ್‌ಟಾಪುಗಳು ಸುಮ್ನೆ ಗುಜರಿ ಪಾಲು. ಅಂಥವಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುತ್ತೇನೆ. ಅರ್ಜಿ ಟೈಪ್ ಮಾಡಿಕೊಡುವ ಒಬ್ಬರಿಗೆ ಹಾಗೆ ಹಾಕಿಕೊಟ್ಟೆ. ಕಗಪ ಕೀಲಿಮಣೆ ಅದರಲ್ಲೇ ಇರುತ್ತದೆ, ಖುಷಿಯಾದರು. ಮಾರನೇ ದಿನವೇ ವಾಪಸ್ ಬಂದರು. ಹತ್ತು ವರ್ಷದ ಫೈಲುಗಳೆಲ್ಲ ಹಳೇ ನುಡಿ ಫಾಂಟಿನಲ್ಲಿದ್ದವು. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲ. ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಜಾತ್ರೆ. ಫೈಲು ಕೈಯಲ್ಲೇ ಇದೆ, ಓದೋಕಾಗಲ್ಲ. ಇದನ್ನು ಯಾವ ವಿದೇಶಿ ಕಂಪನಿಯೂ ಮಾಡಿದ್ದಲ್ಲ, ನಾವೇ ಗಂಟು ಹಾಕಿಕೊಂಡದ್ದು. ಯೂನಿಕೋಡಿಗೆ ಬದಲಿಸುವ ಕನ್ವರ್ಟರ್ ಇದೆ, ಅದರಿಂದ ಸರಿಯಾಯಿತು. ಒತ್ತಕ್ಷರ ತಿದ್ದೋಕೆ ಮಾತ್ರ ಎರಡು ದಿನ ಹಿಡಿಯಿತು.

ನಾನೇನು ಸನ್ಯಾಸಿ ಅಲ್ಲ. ವಾಟ್ಸಾಪ್ ಬಿಟ್ಟರೆ ಅಂಗಡಿ ನಡೆಯಲ್ಲ. ಫೈರ್‌ಫಾಕ್ಸ್ ಬ್ರೌಸರ್, ಅದಕ್ಕೊಂದು ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್, ಕೆಲವು ಆಪ್ ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಆಪ್ ಸ್ಟೋರಿನಿಂದ, ಅಷ್ಟೇ ನನ್ನ ಸಾಹಸ. ಹೀಗೆ ಪ್ಲೇ ಸ್ಟೋರ್ ಹೊರಗಿನ ಆಪ್ ಹಾಕೋದಕ್ಕೂ ಕಡಿವಾಣ ತರುತ್ತೇವೆ ಅಂತ 2025ರಲ್ಲಿ ಗೂಗಲ್ ಹೇಳಿದಾಗ ಬೇಜಾರಾಯಿತು. ಆದರೆ ಪೂರ್ತಿ ತಪ್ಪು ಅನ್ನೋಕೂ ಆಗಲಿಲ್ಲ. ಮದುವೆ ಕಾಗದ ಅಂತ ವಾಟ್ಸಾಪ್‌ಗೆ ಬಂದ ಎಪಿಕೆ (ಆಪ್ ಹಾಕೋ ಫೈಲು) ಒತ್ತಿ ದುಡ್ಡು ಕಳೆದುಕೊಂಡು, ಫೋನ್ ಕೈಯಲ್ಲಿ ಹಿಡಿದು ನಡುಗುತ್ತಾ ನನ್ನ ಅಂಗಡಿಗೆ ಬಂದವರಿದ್ದಾರೆ. ಅವರ ಮುಂದೆ ಸ್ವಾತಂತ್ರ್ಯದ ಮಾತಾಡೋಕೆ ನನಗೆ ಬಾಯಿ ಬರುವುದಿಲ್ಲ.

ಅಮ್ಮನ ಟಿವಿಗೆ ಏನು ಮಾಡಿದೆ ಅಂತ ಹೇಳಲಿಲ್ಲ ಅಲ್ವಾ. ಎಸಿಆರ್ ಆಫ್ ಮಾಡಿದೆ. ಟಿವಿಯಲ್ಲಿದ್ದ ವೈಫೈ ಪಾಸ್‌ವರ್ಡ್ ಅಳಿಸಿದೆ. ಆನ್ ಮಾಡಿದರೆ ನೇರ ಸೆಟ್‌ಟಾಪ್ ಬಾಕ್ಸೇ ಬರುವ ಹಾಗೆ ಇಟ್ಟೆ. ಈಗ ಅಮ್ಮ ಏನೂ ಎಣಿಸಬೇಕಿಲ್ಲ. ಯೂಟ್ಯೂಬ್ ಹೋಯಿತು ಅಂತ ನನ್ನ ಮಗ ಮಾತ್ರ ಮುನಿಸಿಕೊಂಡಿದ್ದಾನೆ. ಭಾನುವಾರ ಎರಡು ಗಂಟೆ ನನ್ನ ಫೋನಿನ ಹಾಟ್‌ಸ್ಪಾಟ್ ಕೊಡುತ್ತೇನೆ, ಜಾಹೀರಾತುಗಳೆಲ್ಲ ಮತ್ತೆ ಬಂದು ಕೂರುತ್ತವೆ, ಅಮ್ಮ ರಿಮೋಟ್ ಅವನ ಕೈಗೆ ಕೊಟ್ಟು ಅಡುಗೆಮನೆಗೆ ಎದ್ದು ಹೋಗುತ್ತಾರೆ.